ಬಾಯಿಮಾತಿನ ಪಾಠವಾಗಿದ್ದರೆ

1896ರ ನವೆಂಬರ್ 7ರಂದು 'ಬ್ರಿಟಿಷ್ ಮೆಡಿಕಲ್ ಜರ್ನಲ್' ಪತ್ರಿಕೆಯಲ್ಲಿ ಒಂದು ಪುಟ್ಟ ಬರಹ ಅಚ್ಚಾಯಿತು. ಬರೆದವರು ಇಂಗ್ಲೆಂಡಿನ ಸಸೆಕ್ಸ್ ಸೀಮೆಯ ಸೀಫರ್ಡ್ ಎಂಬ ಕಡಲತಡಿಯ ಊರಿನಲ್ಲಿ ವೈದ್ಯರಾಗಿದ್ದ ಡಬ್ಲ್ಯು. ಪ್ರಿಂಗಲ್ ಮಾರ್ಗನ್. ಬರಹ ಪರ್ಸಿ ಎಂಬ ಹದಿನಾಲ್ಕು ವರ್ಷದ ಹುಡುಗನ ಬಗ್ಗೆ. ಹುಡುಗ ಚುರುಕು, ಆಟದಲ್ಲಿ ಮುಂದು, ಕಣ್ಣು ಚೆನ್ನಾಗಿದೆ. ಏಳನೇ ವಯಸ್ಸಿನಿಂದ ಶಾಲೆಯಲ್ಲೋ ಮನೆಪಾಠದಲ್ಲೋ ಕಲಿಯುತ್ತಲೇ ಇದ್ದಾನೆ. ಓದು ಮಾತ್ರ ಹತ್ತುತ್ತಿಲ್ಲ. ತನ್ನ ಹೆಸರನ್ನೇ ಬರೆಯುವಾಗ ಎರಡು ಅಕ್ಷರ ಹಿಂದುಮುಂದಾಗಿ 'ಪ್ರೆಸಿ' ಆಗುತ್ತದೆ. ಒಂದಕ್ಕಿಂತ ಹೆಚ್ಚು ಸಲ ತೋರಿಸಿಕೊಟ್ಟ ಮೇಲೆಯೇ ಆ ತಪ್ಪು ಅವನಿಗೆ ಕಾಣುವುದು. ಅದೇ ಹುಡುಗ 785,852,017 ಎಂಬ ಸಂಖ್ಯೆಯನ್ನು ಸಲೀಸಾಗಿ ಓದುತ್ತಾನೆ. 749ನ್ನು 867ರಿಂದ ಬೇಗನೆ ಗುಣಿಸಿ ಸರಿಯುತ್ತರ ಕೊಡುತ್ತಾನೆ. ನಾಲ್ಕನ್ನು ಅರ್ಧದಿಂದ ಗುಣಿಸು ಎಂದರೆ ಮಾತ್ರ ತಡವರಿಸುತ್ತಾನೆ.

ಆ ಬರಹದಲ್ಲಿ ವೈದ್ಯರ ಮಾತಿಗಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಪರ್ಸಿಯ ಮೇಷ್ಟ್ರ ಮಾತು. ಅವನಿಗೆ ಕೆಲವು ವರ್ಷ ಪಾಠ ಹೇಳಿದ್ದ ಆ ಮೇಷ್ಟ್ರ ಹೆಸರು ಅಲ್ಲಿಲ್ಲ. ಅವರು ಹೇಳಿದ್ದು ಇಷ್ಟು: ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವ ಹಾಗಿದ್ದರೆ ಇಡೀ ಶಾಲೆಗೆ ಇವನೇ ಜಾಣನಾಗುತ್ತಿದ್ದ. ಈ ಮಾತನ್ನು ಮೊದಲ ಸಲ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ನನಗೆ ಕಂಡದ್ದು ಪರ್ಸಿಯಲ್ಲ, ನನ್ನ ತಮ್ಮ.

ನಮ್ಮದು ಅರಸೀಕೆರೆ ಕಡೆಯ ಹಳ್ಳಿ. ಆ ಸೀಮೆಯಲ್ಲಿ ಸುಗ್ಗಿ ಮುಗಿದರೆ ಪೌರಾಣಿಕ ನಾಟಕದ ಕಾಲ. ಊರ ಗುಡಿಯ ಮುಂದೆ ಹಾರ್ಮೋನಿಯಂ ಮೇಷ್ಟ್ರು ಕೂತು ತಿಂಗಳುಗಟ್ಟಲೆ 'ಕುರುಕ್ಷೇತ್ರ'ದ ಅಭ್ಯಾಸ ಮಾಡಿಸುತ್ತಿದ್ದರು. ತಮ್ಮನಿಗೆ ಆಗ ಒಂಬತ್ತು ವರ್ಷ. ಕಂಬಕ್ಕೆ ಒರಗಿ ಕೂತು ಕೇಳುತ್ತಿದ್ದ, ಅಷ್ಟೆ. ಮೂರು ವಾರದಲ್ಲಿ ಕರ್ಣನ ಮಾತುಗಳೆಲ್ಲ ಅವನ ಬಾಯಲ್ಲಿದ್ದವು. ಪಾತ್ರಧಾರಿ ಮರೆತರೆ ಇವನೇ ಎತ್ತಿಕೊಡುತ್ತಿದ್ದ. ಊರವರು ಬೆರಗಾಗುತ್ತಿದ್ದರು. ಮನೆಗೆ ಬಂದರೆ ಅದೇ ಹುಡುಗನಿಗೆ 'ಕರ್ಣ' ಎಂದು ಬರೆಯಲು ಬರುತ್ತಿರಲಿಲ್ಲ. ಒಮ್ಮೆ 'ಕಣ' ಎನ್ನುವನು, ಇನ್ನೊಮ್ಮೆ 'ಕರಣ', ಮತ್ತೊಮ್ಮೆ ಅರ್ಕಾವತ್ತನ್ನು ಒಯ್ದು 'ಕ'ದ ಪಕ್ಕಕ್ಕೆ ಅಂಟಿಸುವನು. ಅವನಿಗೆ ಪಾಠ ಹೇಳುವ ಕೆಲಸ ನನ್ನದು. ನಾನು ಎಂಟನೇ ತರಗತಿ, ತರಗತಿಗೇ ಮೊದಲು. ಮರದ ಸ್ಕೇಲು ಅಡ್ಡ ಹಿಡಿದು ಅವನ ಬೆರಳ ಗಿಣ್ಣಿಗೆ ಹೊಡೆಯುತ್ತಿದ್ದೆ. "ನಾಟಕ ಬರುತ್ತೆ, ಅಕ್ಷರ ಬರಲ್ವಾ? ಕೊಬ್ಬು ನಿಂಗೆ" ಎನ್ನುತ್ತಿದ್ದೆ. ಶಾಲೆಯವರೂ ಅದನ್ನೇ ಹೇಳುತ್ತಿದ್ದರು. ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆಯಲ್ಲಿ ಫೇಲಾದ, ಶಾಲೆ ಬಿಟ್ಟ, ಮೋಟರ್ ವೈಂಡಿಂಗ್ ಅಂಗಡಿ ಸೇರಿದ. ನಾನು ಓದಿ ಇತಿಹಾಸದ ಉಪನ್ಯಾಸಕಿಯಾದೆ.

ಅವನಿಗಿದ್ದ ತೊಡಕಿಗೆ ಡಿಸ್ಲೆಕ್ಸಿಯಾ ಎಂಬ ಹೆಸರಿದೆ ಎಂದು ನನಗೆ ಗೊತ್ತಾದದ್ದು 2007ರಲ್ಲಿ, ಎಲ್ಲರ ಹಾಗೆ 'ತಾರೇ ಜಮೀನ್ ಪರ್' ಸಿನಿಮಾ ನೋಡಿದಾಗ. ಸಿನಿಮಾ ನೋಡಿ ಅತ್ತವರು ಬಹಳ ಮಂದಿ. ಹೊಡೆದ ಕೈಯಿದ್ದವರಿಗೆ ಅತ್ತು ಸುಮ್ಮನಾಗಲು ಆಗುವುದಿಲ್ಲ. ನನಗೆ ಬರುವ ವಿದ್ಯೆ ಒಂದೇ, ಹಿಂದಿನದನ್ನು ಹುಡುಕುವುದು. ಹಾಗಾಗಿ ಈ ಹೆಸರಿನ ಹಿಂದೆ ಹೋದೆ.

ಈ ಇತಿಹಾಸ ಶುರುವಾಗುವುದು ಮಕ್ಕಳಿಂದಲ್ಲ, ಓದು ಬಲ್ಲ ದೊಡ್ಡವರು ಅದನ್ನು ಕಳೆದುಕೊಂಡ ಪ್ರಕರಣಗಳಿಂದ. 1877ರಲ್ಲಿ ಜರ್ಮನಿಯ ವೈದ್ಯ ಅಡಾಲ್ಫ್ ಕುಸ್ಮಾಲ್ ಇಂಥವರ ಸ್ಥಿತಿಗೆ 'ಪದಕುರುಡು' ಎಂಬ ಅರ್ಥದ ಹೆಸರು ಕೊಟ್ಟರು. ದೃಷ್ಟಿ ಇದೆ, ಮಾತಿದೆ, ಬುದ್ಧಿಯಿದೆ, ಅಚ್ಚಾದ ಪದ ಮಾತ್ರ ಅರ್ಥ ಬಿಟ್ಟುಕೊಡುವುದಿಲ್ಲ. 1887ರಲ್ಲಿ ಸ್ಟುಟ್‌ಗಾರ್ಟಿನ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್ ತಮ್ಮ ಪುಸ್ತಿಕೆಯಲ್ಲಿ ಇದನ್ನು 'ಡಿಸ್ಲೆಕ್ಸಿಯಾ' ಎಂದು ಕರೆದರು. ಗ್ರೀಕ್ ಮೂಲದ ಈ ಪದಕ್ಕೆ 'ಪದಗಳೊಡನೆ ಕಷ್ಟ' ಎಂದಷ್ಟೇ ಅರ್ಥ. ಪ್ಯಾರಿಸ್ಸಿನ ನರವೈದ್ಯ ಡೆಜೆರೀನ್ 1892ರಲ್ಲಿ ವರ್ಣಿಸಿದ ರೋಗಿಯೊಬ್ಬ ಚೆನ್ನಾಗಿ ಬರೆಯಬಲ್ಲವನಾಗಿದ್ದ, ಆದರೆ ತಾನೇ ಬರೆದದ್ದನ್ನು ಓದಲಾರದವನಾಗಿದ್ದ. ಅವನು ತೀರಿಕೊಂಡ ಮೇಲೆ ಪರೀಕ್ಷಿಸಿದಾಗ ಮಿದುಳಿನ ಎಡ ಹಿಂಭಾಗದಲ್ಲಿ ಪೆಟ್ಟಾಗಿದ್ದದ್ದು ತಿಳಿಯಿತು. ಓದು ಎಂಬುದು ಕಣ್ಣಿನ ಕೆಲಸವಷ್ಟೇ ಅಲ್ಲ, ಮಿದುಳಿನಲ್ಲಿ ಅದಕ್ಕೆ ದಾರಿಗಳಿವೆ ಎಂದು ಜಗತ್ತು ತಿಳಿದದ್ದು ಹೀಗೆ.

ಗ್ಲಾಸ್ಗೋದ ಕಣ್ಣಿನ ವೈದ್ಯ ಜೇಮ್ಸ್ ಹಿನ್ಷಲ್‌ವುಡ್ 1895ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪದಕುರುಡಿನ ಬಗ್ಗೆ ಬರೆದರು. ಅದನ್ನು ಓದಿದ ಮಾರ್ಗನ್ ಅವರಿಗೆ ಪರ್ಸಿಯ ನೆನಪಾಯಿತು. ಇವನಿಗೆ ತಲೆಗೆ ಪೆಟ್ಟು ಬಿದ್ದಿಲ್ಲ, ಕಾಯಿಲೆ ಬಂದಿಲ್ಲ, ಹಾಗಾದರೆ ಇದು ಹುಟ್ಟಿನಿಂದಲೇ ಬಂದಿರಬೇಕು ಎಂದು ಅವರು ಬರೆದರು. 'ದಡ್ಡ', 'ಸೋಮಾರಿ' ಎಂಬ ಎರಡು ಪದಗಳ ಆಚೆಗೆ ಒಂದು ಮಗುವಿನ ಓದಿನ ಕಷ್ಟಕ್ಕೆ ಬೇರೆ ಕಾರಣವಿರಬಹುದು ಎಂಬುದು ಹೀಗೆ ಅಚ್ಚಿಗೆ ಬಂತು. ಮುಂದೆ ಹಿನ್ಷಲ್‌ವುಡ್ ಇಂಥ ಮಕ್ಕಳನ್ನು ಹುಡುಕಿ ನೋಡಿದರು. ಒಂದೇ ಮನೆಯ ಅಣ್ಣತಮ್ಮಂದಿರಲ್ಲಿ ಇದು ಕಾಣಿಸುತ್ತದೆ ಎಂದು ಗುರುತಿಸಿದರು. 1907ರಲ್ಲಿ ಇನ್ನೊಬ್ಬ ವೈದ್ಯ ಒಂದೇ ಕುಟುಂಬದ ಮೂರು ತಲೆಮಾರುಗಳಲ್ಲಿ ಆರು ಮಂದಿಯನ್ನು ವರದಿ ಮಾಡಿದರು. ಈ ಮಕ್ಕಳನ್ನು ಗುಂಪಿನಲ್ಲಿ ಕೂರಿಸಿ ಕಲಿಸುವುದರಿಂದ ಪ್ರಯೋಜನವಿಲ್ಲ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕಲಿಸಬೇಕು ಎನ್ನುವುದು ಹಿನ್ಷಲ್‌ವುಡ್ ಅವರ ನಿಲುವು.

ಕಲಿಸುವ ದಾರಿ ಗಟ್ಟಿಯಾದದ್ದು ಅಮೆರಿಕದಲ್ಲಿ. 1925ರಲ್ಲಿ ಅಯೋವಾದ ನರವೈದ್ಯ ಸ್ಯಾಮ್ಯುಯೆಲ್ ಆರ್ಟನ್ ಓದಲಾರದ ಶಾಲಾಮಕ್ಕಳ ಬಗ್ಗೆ ಬರೆದರು. ಅವರ ವಿವರಣೆ ಹೀಗಿತ್ತು: ಮಿದುಳಿನ ಎರಡು ಹೋಳುಗಳಲ್ಲಿ ಒಂದು ಇನ್ನೊಂದರ ಮೇಲೆ ಹಿಡಿತ ಸಾಧಿಸದೆ, ಅಕ್ಷರದ ನೇರ ರೂಪವೂ ಕನ್ನಡಿ ರೂಪವೂ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಈ ವಿವರಣೆ ಮುಂದೆ ನಿಲ್ಲಲಿಲ್ಲ. ಆದರೆ ಅವರೂ ಅನ್ನಾ ಗಿಲ್ಲಿಂಗ್‌ಹ್ಯಾಮ್ ಎಂಬ ಶಿಕ್ಷಕಿಯೂ ಸೇರಿ ಕಂಡುಕೊಂಡ ಪಾಠಕ್ರಮ ಇವತ್ತಿಗೂ ನಿಂತಿದೆ. ಅಕ್ಷರವನ್ನು ನೋಡು, ಅದರ ಸದ್ದನ್ನು ಬಾಯಿಬಿಟ್ಟು ಹೇಳು, ಹೇಳುತ್ತಲೇ ಬೆರಳಿನಿಂದ ತೀಡು. ಒಂದು ಸದ್ದು ಗಟ್ಟಿಯಾದ ಮೇಲೆ ಇನ್ನೊಂದು, ಅವಸರವಿಲ್ಲ. ಕಣ್ಣು ಕೈಕೊಟ್ಟ ಕಡೆ ಕಿವಿ, ನಾಲಗೆ, ಬೆರಳು ಆಸರೆಯಾಗುತ್ತವೆ. ಕಾರಣ ತಪ್ಪಾಗಿ ತಿಳಿದೂ ಮದ್ದನ್ನು ಸರಿಯಾಗಿ ಕೊಟ್ಟ ಅಪರೂಪದ ಉದಾಹರಣೆ ಇದು. ತೊಡಕಿನ ಬೇರು ಕಣ್ಣಿಗಿಂತ ಹೆಚ್ಚಾಗಿ ಮಾತಿನ ಸದ್ದನ್ನು ಬಿಡಿಸಿಕೊಳ್ಳುವುದರಲ್ಲಿದೆ ಎಂಬ ತಿಳಿವಳಿಕೆ ಬಲವಾದದ್ದು 1970ರ ದಶಕದಲ್ಲಿ, ಇಸಬೆಲ್ ಲಿಬರ್‌ಮನ್ ಮತ್ತು ಅವರ ಸಂಗಡಿಗರ ಪ್ರಯೋಗಗಳ ನಂತರ.

ಈ ಬೆರಳಿನಿಂದ ತೀಡುವ ಕಲಿಕೆಗೆ ಅಲ್ಲಿನ ಶಿಕ್ಷಕರು ಮರಳು ಹರಡಿದ ತಟ್ಟೆ ಬಳಸುತ್ತಾರೆ ಎಂದು ಓದಿದಾಗ ನನಗೆ ನಗು ಬಂತು. ಮರಳಿನ ಮೇಲೆ ಬೆರಳಾಡಿಸುತ್ತ ಗಟ್ಟಿಯಾಗಿ ಹೇಳಿಕೊಳ್ಳುತ್ತ ಅಕ್ಷರ ಕಲಿಯುವುದು ನಮ್ಮ ಕೂಲಿಮಠಗಳ ದಿನದ ಪಾಠವಾಗಿತ್ತು. ನಮ್ಮ ಅಜ್ಜ ಕಲಿತದ್ದೂ ಹಾಗೆಯೇ. 'ಕ ತಲಕಟ್ಟು ಕ, ಕ ಗುಡಿಸು ಕಿ, ಕ ಕೊಂಬು ಕು' ಎಂಬ ರಾಗದ ಕಾಗುಣಿತವೂ ಕಿವಿಗೆ, ಬಾಯಿಗೆ ಕೊಟ್ಟ ಕೆಲಸವೇ. ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆ ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ ಇಂಥದೊಂದು ದೇಸಿ ಶಾಲೆಯಲ್ಲಿ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು, ತಮ್ಮ ಶಾಲೆಯಲ್ಲೂ ಅದನ್ನು ತಂದರು. 1797ರಲ್ಲಿ ಲಂಡನ್ನಿನಲ್ಲಿ ಆ ಬಗ್ಗೆ ಪುಸ್ತಕ ಅಚ್ಚು ಹಾಕಿಸಿದರು. 'ಮದರಾಸು ಪದ್ಧತಿ' ಎಂಬ ಹೆಸರಿನಲ್ಲಿ ಅದು ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಿಗೆ ಹೋಯಿತು. ಗಿಲ್ಲಿಂಗ್‌ಹ್ಯಾಮ್ ಅವರಿಗೆ ಮರಳು ತಲುಪಿದ್ದು ಇದೇ ದಾರಿಯಿಂದ ಎಂದು ನಾನು ಹೇಳುವುದಿಲ್ಲ. ಹಾಗೆಂದು ಕೂಲಿಮಠವನ್ನು ಹೊಗಳಿ ಅಟ್ಟಕ್ಕೇರಿಸುವುದೂ ಬೇಡ, ಅಕ್ಷರ ಬಾರದ ಹುಡುಗನನ್ನು ಕೋದಂಡಕ್ಕೆ ಹಾಕುತ್ತಿದ್ದದ್ದೂ ಅಲ್ಲೇ. ನನ್ನ ಸಂಕಟ ಬೇರೆ. ಅಜ್ಜನ ಕಾಲದ ಮರಳು ನಮ್ಮ ಮನೆಯಂಗಳದಲ್ಲೇ ಇತ್ತು. ತಮ್ಮನ ಬೆರಳನ್ನು ಅದರ ಮೇಲೆ ಇಡಿಸುವ ಬದಲು ಆ ಬೆರಳಿಗೆ ನಾನು ಸ್ಕೇಲು ಬೀಸಿದೆ.

'ಕರ್ಣ' ಅವನಿಗೆ ಯಾಕೆ ಕಷ್ಟವಾಯಿತು ಎನ್ನುವುದು ನನಗೆ ಅರ್ಥವಾಗಲು ಇನ್ನೂ ಕೆಲವು ವರ್ಷ ಬೇಕಾಯಿತು. ಡಿಸ್ಲೆಕ್ಸಿಯಾದ ಬಗ್ಗೆ ಬರೆದದ್ದರಲ್ಲಿ ಬಹುಪಾಲು ಇಂಗ್ಲಿಷ್ ಓದುವ ಮಕ್ಕಳ ಬಗ್ಗೆ. ಕನ್ನಡ ಉಚ್ಚರಿಸಿದಂತೆ ಬರೆಯುವ ಭಾಷೆ, ಇಲ್ಲಿ ಆ ತೊಂದರೆಯೇ ಇಲ್ಲ ಎಂದು ಹೇಳುವವರಿದ್ದಾರೆ. ಅದು ನಿಜವಲ್ಲ. 2001ರಲ್ಲಿ ಇಟಲಿ, ಫ್ರಾನ್ಸ್, ಇಂಗ್ಲೆಂಡಿನ ಡಿಸ್ಲೆಕ್ಸಿಯಾ ಇರುವವರನ್ನು ಹೋಲಿಸಿ ನೋಡಿದ ಅಧ್ಯಯನವೊಂದು 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಬರೆದಂತೆ ಓದುವ ಭಾಷೆಯಾದ ಇಟಾಲಿಯನ್ನಿನವರು ಉಳಿದವರಿಗಿಂತ ತಪ್ಪಿಲ್ಲದೆ ಓದಿದರು. ಆದರೆ ಓದುವಾಗ ಮಿದುಳಿನ ಎಡಭಾಗದ ಒಂದೇ ಜಾಗ ಮೂರೂ ದೇಶದವರಲ್ಲಿ ಮಂಕಾಗಿತ್ತು. ಇಂಥ ಭಾಷೆಗಳಲ್ಲಿ ತೊಡಕು ತಪ್ಪಾಗಿ ಕಾಣುವುದಕ್ಕಿಂತ ಹೆಚ್ಚಾಗಿ ನಿಧಾನವಾಗಿ ಕಾಣುತ್ತದೆ. ಹಾಗಾಗಿ ಅದು ಯಾರ ಕಣ್ಣಿಗೂ ಬೀಳದೆ ಉಳಿಯುವುದೂ ಸುಲಭ.

ಕನ್ನಡದ ಕಷ್ಟ ಕನ್ನಡದ್ದೇ. ನಮ್ಮ ಮಗು 26 ಅಕ್ಷರ ಕಲಿತು ಮುಗಿಸುವುದಿಲ್ಲ. ಕಾಗುಣಿತ, ಒತ್ತಕ್ಷರಗಳು ಸೇರಿ ನೂರಾರು ರೂಪಗಳನ್ನು ಕಲಿಯಬೇಕು. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಅಕ್ಷರಜ್ಞಾನ ಒಂದೆರಡು ವರ್ಷಕ್ಕೆ ಮುಗಿಯದೆ ನಾಲ್ಕನೇ ತರಗತಿಯವರೆಗೂ ಸಾಗುತ್ತಿರುತ್ತದೆ ಎಂದು ತೋರಿಸಿದರು. ಪ, ಷ, ವ, ಮ ನಡುವೆ ಇರುವುದು ಒಂದು ಗೆರೆ, ಒಂದು ಸುಳಿ. ದ, ಧ, ಥ ನಡುವೆ ಒಂದು ಸೀಳು, ಒಂದು ಚುಕ್ಕೆ. ಇನ್ನು ಅರ್ಕಾವತ್ತು. 'ಕರ್ಣ' ಎನ್ನುವಾಗ ಬಾಯಲ್ಲಿ 'ರ್' ಮೊದಲು, 'ಣ' ಆಮೇಲೆ. ಕಾಗದದ ಮೇಲೆ 'ಣ' ಮೊದಲು, ಅರ್ಕಾವತ್ತು ಆಮೇಲೆ. ಕೇಳಿದ್ದನ್ನು ಕೇಳಿದ ಕ್ರಮದಲ್ಲೇ ಬರೆಯಲು ಹೊರಟ ಹುಡುಗ ಅದನ್ನು 'ಕ'ದ ಪಕ್ಕಕ್ಕೆ ಅಂಟಿಸಿದರೆ ಅದರಲ್ಲಿ ಕೊಬ್ಬು ಎಲ್ಲಿಯದು? ಅವನು ತನ್ನ ಕಿವಿಗೆ ನಿಷ್ಠನಾಗಿದ್ದ. ಅಕ್ಷರ ಹಿಂದುಮುಂದಾಗುವುದಕ್ಕೆ ಕಾರಣವಿದೆ, ಇಲ್ಲಿ ನಾವು ಬರೆಯುವುದೇ ಹಿಂದುಮುಂದು ಎಂದು ಒಬ್ಬರಾದರೂ ಅವನಿಗೆ ಬಿಡಿಸಿ ಹೇಳಬೇಕಿತ್ತು.

ಈಗ 'ವರ'ದ ಮಾತಿಗೆ ಬರುತ್ತೇನೆ. ಡಿಸ್ಲೆಕ್ಸಿಯಾ ಶಾಪವಲ್ಲ, ವರ ಎನ್ನುವ ಮಾತು ಈಗ ಎಲ್ಲೆಡೆ ಕೇಳುತ್ತದೆ. 1982ರಲ್ಲಿ ಹಾರ್ವರ್ಡಿನ ನರವಿಜ್ಞಾನಿ ನಾರ್ಮನ್ ಗೆಶ್ವಿಂಡ್, ಓದಿನಲ್ಲಿ ತೊಡಕು ತರುವ ಮಿದುಳಿನ ರಚನೆಯೇ ಬೇರೆ ಕೆಲಸಗಳಲ್ಲಿ ಹೆಚ್ಚುಗಾರಿಕೆ ತರಬಹುದೇ ಎಂಬ ಪ್ರಶ್ನೆ ಎತ್ತಿದರು. 1994ರಲ್ಲಿ ರೊನಾಲ್ಡ್ ಡೇವಿಸ್ ಬರೆದ ಪುಸ್ತಕದ ಹೆಸರಿನಲ್ಲೇ ಈ ವರದ ಮಾತಿತ್ತು. ಅದು ಜನಪ್ರಿಯವಾಯಿತು. 2003ರ ಒಂದು ಅಧ್ಯಯನದಲ್ಲಿ, ನಿಜದಲ್ಲಿ ಇರಲಾರದ ಆಕೃತಿಗಳ ಚಿತ್ರಗಳನ್ನು ಡಿಸ್ಲೆಕ್ಸಿಯಾ ಇರುವವರು ಬೇರೆಯವರಿಗಿಂತ ಬೇಗ ಗುರುತಿಸಿದರು. ಆದರೆ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ, ಓದಲು ಕಷ್ಟವಿರುವವರೆಲ್ಲರಿಗೂ ಒಂದು ವಿಶೇಷ ಶಕ್ತಿ ಇರುತ್ತದೆ ಎನ್ನಲು ಆಧಾರ ಸಾಲದು. ಭಿತ್ತಿಪತ್ರಗಳಲ್ಲಿ ಕಾಣುವ ಐನ್‌ಸ್ಟೈನ್‌ಗೆ ಡಿಸ್ಲೆಕ್ಸಿಯಾ ಇತ್ತು ಎನ್ನುವುದಕ್ಕೂ ಗಟ್ಟಿ ಸಾಕ್ಷ್ಯವಿಲ್ಲ.

ತಾವೇ ಹೇಳಿಕೊಂಡವರು ಇದ್ದಾರೆ. 2017ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಸ್ವಿಟ್ಜರ್ಲೆಂಡಿನ ಜಾಕ್ ದುಬೊಶೆ ತಮ್ಮ ಸ್ವಪರಿಚಯದಲ್ಲಿ, ತಮ್ಮ ಪ್ರಾಂತ್ಯದಲ್ಲಿ ಅಧಿಕೃತವಾಗಿ ಡಿಸ್ಲೆಕ್ಸಿಯಾ ಎನ್ನಿಸಿಕೊಂಡ ಮೊದಲಿಗ ತಾನೇ ಎಂದು ತಮಾಷೆಯಾಗಿ ಬರೆದುಕೊಂಡಿದ್ದಾರೆ. ಕಷ್ಟಪಡುವವರನ್ನು ಅರ್ಥಮಾಡಿಕೊಳ್ಳಲು ಅದರಿಂದ ಸಾಧ್ಯವಾಯಿತು ಎನ್ನುತ್ತಾರೆ. 2009ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಡೆದ ಕ್ಯಾರಲ್ ಗ್ರೈಡರ್ ಚಿಕ್ಕಂದಿನಲ್ಲಿ ತನ್ನನ್ನು ದಡ್ಡಿ ಎಂದೇ ತಿಳಿದಿದ್ದರು. ಪದಗಳನ್ನು ಬಿಡಿಸಿ ಓದಲಾಗದೆ ಇಡಿಯಾಗಿ ಬಾಯಿಪಾಠ ಮಾಡಿಕೊಂಡು ದಾಟಿದರು. ಪ್ರವೇಶ ಪರೀಕ್ಷೆಯ ಅಂಕ ಕಡಿಮೆ ಎಂದು ಹಲವು ವಿಶ್ವವಿದ್ಯಾಲಯಗಳು ಅವರನ್ನು ಸೇರಿಸಿಕೊಳ್ಳಲಿಲ್ಲ. ಬರ್ಕ್ಲಿಯಲ್ಲಿ ಸೇರಿಸಿಕೊಂಡರು. ಅಲ್ಲಿ ಎಲಿಜಬೆತ್ ಬ್ಲ್ಯಾಕ್‌ಬರ್ನ್ ಅವರ ಪ್ರಯೋಗಾಲಯದಲ್ಲಿ, 1984ರಲ್ಲಿ, ಟೆಲೊಮರೇಸ್ ಎಂಬ ಕಿಣ್ವದ ಸುಳಿವು ಅವರಿಗೆ ಸಿಕ್ಕಿತು. ಈ ಕತೆಯನ್ನು 'ಡಿಸ್ಲೆಕ್ಸಿಯಾ ನೊಬೆಲ್ ತಂದಿತು' ಎಂದು ಓದಲು ನನಗೆ ಮನಸ್ಸಿಲ್ಲ. ಒಂದು ಬಾಗಿಲು ತೆರೆದಿದ್ದರಿಂದ ಅವರ ಶಕ್ತಿ ಹೊರಗೆ ಬಂತು. ಉಳಿದ ಬಾಗಿಲುಗಳು ಮುಚ್ಚಿದ್ದಾಗಲೂ ಆ ಶಕ್ತಿ ಅವರಲ್ಲಿ ಇದ್ದೇ ಇತ್ತು.

ಪರ್ಸಿಯ ಮೇಷ್ಟ್ರು ಹೇಳಿದ್ದೂ ಇದನ್ನೇ. ಹುಡುಗನಲ್ಲಿ ಏನೋ ಅದ್ಭುತ ಅಡಗಿದೆ ಎಂದು ಅವರು ಹೇಳಲಿಲ್ಲ. ನಾವು ಕಲಿಸುವ, ಅಳೆಯುವ ಬಗೆ ಬೇರೆಯಾಗಿದ್ದರೆ ಇವನು ಬೇರೆ ಹುಡುಗನಾಗಿ ಕಾಣುತ್ತಿದ್ದ ಎಂದರು. ಇದು ಕನ್ನಡಿಗರಿಗೆ ಹೊಸ ಮಾತೂ ಅಲ್ಲ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಈ ನಾಡಿನ ಜನ ಓದಿ ಕಲಿಯದೆಯೂ ಕಾವ್ಯದಲ್ಲಿ ಪಳಗಿದವರು ಎಂದು ಮೆಚ್ಚಿಕೊಂಡಿದೆ. ಆ ಮಾತನ್ನು ತರಗತಿಯಲ್ಲಿ ಎಷ್ಟೋ ಸಲ ಹೆಮ್ಮೆಯಿಂದ ಹೇಳಿದ್ದೇನೆ. ಅಂಥವನೊಬ್ಬ ನಮ್ಮ ಮನೆಯಲ್ಲೇ ಕಂಬಕ್ಕೆ ಒರಗಿ ಕೂತಿದ್ದ ಎಂಬುದು ಹೊಳೆದಿರಲಿಲ್ಲ. ತಮ್ಮನಿಗೆ ಈಗ ಸ್ವಂತ ಅಂಗಡಿಯಿದೆ. ಸುಟ್ಟ ಮೋಟರಿನ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಎನ್ನುತ್ತಾನೆ. ಆದರೆ ಬಿಲ್ಲು ಬರೆಯಲು ಒಬ್ಬ ಹುಡುಗನನ್ನು ಇಟ್ಟುಕೊಂಡಿದ್ದಾನೆ. ಬ್ಯಾಂಕಿಗೆ ಹೋಗುವಾಗ ಕನ್ನಡಕ ಮರೆತುಬಂದೆ ಎಂದು ಸುಳ್ಳು ಹೇಳುತ್ತಾನೆ. ಅವನೆದುರು ನಿಂತು "ನಿನಗೆ ಸಿಕ್ಕಿದ್ದು ವರ ಕಣೋ" ಎನ್ನುವ ಧೈರ್ಯ ನನಗಿಲ್ಲ.

ಅವನ ಮಗಳು ಈಗ ಏಳನೇ ತರಗತಿ. ಮೂರನೇ ತರಗತಿಯಲ್ಲಿದ್ದಾಗ ಅವಳ ನೋಟ್‌ಬುಕ್ಕಿನಲ್ಲಿ 'ಸೂರ್ಯ' ಬರೆದಿದ್ದನ್ನು ನೋಡಿದೆ. ಅರ್ಕಾವತ್ತು ಎಲ್ಲಿ ಹೋಗಿ ಕೂತಿತ್ತೆಂದು ಹೇಳಬೇಕಾಗಿಲ್ಲ. ಪರೀಕ್ಷೆ ಮಾಡಿಸೋಣ, ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗೋಣ ಎಂದೆ. ತಮ್ಮ ಸಿಟ್ಟಾದ.

"ಅಕ್ಕ, ನನ್ನನ್ನ ದಡ್ಡ ಅಂದ್ರು, ಬರೀ ಬಾಯ್ಮಾತಲ್ಲಿ ಅಂದ್ರು. ಅವ್ಳಿಗೆ ಸರ್ಟಿಫಿಕೇಟೇ ಕೊಡಿಸ್ತೀಯಾ?"

ಇದು ಉಡಾಫೆಯ ಮಾತಲ್ಲ. ಹೆಸರು ಕೊಟ್ಟರೆ ಹಣೆಪಟ್ಟಿಯಾಗುತ್ತದೆ ಎಂಬ ಭಯ ಎಲ್ಲ ಕಡೆಯೂ ಇದೆ. ಇತಿಹಾಸದ ಮೇಷ್ಟ್ರಾಗಿ ನಾನು ಹೇಳಬಹುದಾಗಿದ್ದು, ಹೆಸರಿಲ್ಲದಿದ್ದಾಗ ಏನಾಗುತ್ತಿತ್ತು ಎಂಬುದನ್ನು. 1996ರಲ್ಲಿ ಮಹಾರಾಷ್ಟ್ರ ಸರ್ಕಾರ ಇಂಥ ಮಕ್ಕಳಿಗೆ ಪರೀಕ್ಷೆಯಲ್ಲಿ ರಿಯಾಯಿತಿ ಕೊಡುವ ಹೊತ್ತಿಗೆ ತಮ್ಮ ಶಾಲೆ ಬಿಟ್ಟು ಎಷ್ಟೋ ವರ್ಷವಾಗಿತ್ತು. ಅಂಗವಿಕಲರಿಗಾಗಿ ದೇಶ ಮಾಡಿದ 1995ರ ಕಾಯಿದೆಯಲ್ಲಿ ಏಳು ಬಗೆಗಳಿದ್ದವು, ಕಲಿಕೆಯ ತೊಡಕು ಅವುಗಳಲ್ಲಿರಲಿಲ್ಲ. 2016ರ ಕಾಯಿದೆ ಪಟ್ಟಿಯನ್ನು 21ಕ್ಕೆ ಏರಿಸಿ ಇದನ್ನೂ ಸೇರಿಸಿತು. ಹೆಸರಿರುವುದರಿಂದಲೇ ಮಗು ಹೆಚ್ಚುವರಿ ಸಮಯ ಕೇಳಬಹುದು, ಬರೆದುಕೊಡಲು ಇನ್ನೊಬ್ಬರ ನೆರವು ಕೇಳಬಹುದು. ಇವೆಲ್ಲ ಭಿಕ್ಷೆಯಲ್ಲ. ಗೊತ್ತಿರುವುದನ್ನು ಗೊತ್ತಿದೆ ಎಂದು ತೋರಿಸಲು ಬೇಕಾದ ಅವಕಾಶ.

ಆ ರಾತ್ರಿ ತಮ್ಮನಿಗೆ ಪರ್ಸಿಯ ಕತೆ ಹೇಳಿದೆ. ಹೆಸರು 'ಪ್ರೆಸಿ' ಆದದ್ದಕ್ಕೆ ನಕ್ಕ. ಗುಣಾಕಾರಕ್ಕೆ ತಲೆದೂಗಿದ. ಮೇಷ್ಟ್ರ ಮಾತು ಬಂದಾಗ ಸುಮ್ಮನಾದ. ಆಮೇಲೆ ಕೇಳಿದ, "ಆ ಹುಡ್ಗ ಆಮೇಲೆ ಏನಾದ?"

ಮಾರ್ಗನ್ ಅವರ ಬರಹದಲ್ಲಿ ಆ ಸಂಗತಿ ಇಲ್ಲ. ವೈದ್ಯರಿಗೆ ಬೇಕಾದದ್ದು ಮಿದುಳಿನ ಯಾವ ಭಾಗ ಕೆಟ್ಟಿರಬಹುದು ಎಂಬುದು. ಅದನ್ನು ಊಹಿಸಿ ಬರಹ ಮುಗಿಯುತ್ತದೆ. "ಅದನ್ನ ಬರ್ದಿಲ್ಲ ಕಣೋ" ಎಂದೆ.

"ಅದ್ನೇ ಅಲ್ವಾ ಬರೀಬೇಕಾಗಿದ್ದು" ಎಂದ. ಬೆಳಿಗ್ಗೆ ಅವನೇ ಬಸ್ಸಿನ ಹೊತ್ತು ಕೇಳಿದ.

ಹುಡುಗಿಗೆ ಈಗ ವಾರಕ್ಕೆ ಎರಡು ದಿನ ಬೇರೆ ಪಾಠ. ತರಗತಿಯಲ್ಲಿ ಅವಳನ್ನು ಎಬ್ಬಿಸಿ ನಿಲ್ಲಿಸಿ ಗಟ್ಟಿಯಾಗಿ ಓದಿಸುವುದಿಲ್ಲ. ಸಮಾಜ ವಿಜ್ಞಾನದ ಉತ್ತರಪತ್ರಿಕೆಯಲ್ಲಿ ಕಾಗುಣಿತಕ್ಕೆ ಅಂಕ ಕಳೆಯುವುದಿಲ್ಲ. ಪಾಠಗಳನ್ನು ನಾನು ಫೋನಿನಲ್ಲಿ ಓದಿ ಕಳಿಸುತ್ತೇನೆ, ಕೇಳಿ ಕಲಿಯುತ್ತಾಳೆ. ಓದು ಇನ್ನೂ ನಿಧಾನ, ಆದರೆ ಓದುತ್ತಾಳೆ. ರಜೆಗೆ ಊರಿಗೆ ಹೋದಾಗ ಮೊರದಲ್ಲಿ ರಾಗಿ ಹಿಟ್ಟು ಹರಡಿಕೊಂಡು ಕೂರುತ್ತೇವೆ. "ಬಾಯಲ್ಲಿ ರ್ ಮೊದ್ಲು, ಕೈಯಲ್ಲಿ ರ್ ಆಮೇಲೆ, ಅಲ್ವಾ ಅತ್ತೆ?" ಎನ್ನುತ್ತ ಬೆರಳಾಡಿಸುತ್ತಾಳೆ. ಕಳೆದ ಸಲ ತಮ್ಮ ಬಾಗಿಲಲ್ಲಿ ನಿಂತು ಇದನ್ನು ನೋಡುತ್ತಿದ್ದ. ಅಂಗಡಿಗೆ ಹೊತ್ತಾಯಿತು ಎಂದು ನೆನಪಿಸಿದೆ. ಹೋಗಲಿಲ್ಲ. ಮಗಳ ಪಕ್ಕದಲ್ಲಿ ಕೂತು, ಅವಳು ಅಳಿಸಿದ ಜಾಗದಲ್ಲಿ, ನಲವತ್ತು ವರ್ಷದ ಹಿಂದೆ ಬಾಯಿಪಾಠವಾಗಿದ್ದ ಆ ಪಾತ್ರದ ಹೆಸರನ್ನು ಬರೆಯತೊಡಗಿದ.